ಗಲ್ಲಾ ತುಂಬಿದ್ರೂ ರೊಕ್ಕ ಯಾಕ ಉಳಿಯಂಗಿಲ್ಲ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಲ ಸಣ್ಣ ವ್ಯಾಪಾರ

ಪ್ರಶ್ನೆ: ಖಡಕ್ ಜೋಳದ ರೊಟ್ಟಿ ಮಾಡಿಸಿ ಅಂಗಡಿ, ಖಾನಾವಳಿಗೆ ಹಾಕ್ತೀನ್ರಿ. ದಿನಕ್ಕ 600, ತಿಂಗಳಾ 25 ದಿನ. ಒಂದಕ್ಕ ಹಿಟ್ಟು 3 ರೂಪಾಯಿ, ಬಡಿಯೋ ಕೂಲಿ 2, ಗ್ಯಾಸ್ 60 ಪೈಸಾ, ಕವರು-ಚೀಟಿ 30 ಪೈಸಾ, ಒಟ್ಟು 5.90 ಬೀಳ್ತದ. 7ಕ್ಕ ಕೊಡ್ತೀನಿ. 1.10 ಉಳಿದ್ರ ತಿಂಗಳಿಗೆ 16,500 ಆಗಬೇಕಲ್ರಿ? ಕೈಯಾಗ ಏನೂ ನಿಲ್ಲವಲ್ದು. ಬಾಡಿಗಿ, ಕರೆಂಟು, ಆಟೋ ಸೇರಿ 9,000 ಹೋಗ್ತದ. ನೂರಕ್ಕ ಐದು ರೊಟ್ಟಿ ಮುರೀತಾವ.
– ರೊಟ್ಟಿ ಕೇಂದ್ರದವರು, ಕಲಬುರಗಿ

ಉತ್ತರ: ಪತ್ರದ ಕೊನೆಯ ಎರಡು ಸಾಲನ್ನು ನೀವು ಲೆಕ್ಕಕ್ಕೆ ಹಿಡಿದಿಲ್ಲ. ಮಾಡಿಸುವುದು 15,000 ರೊಟ್ಟಿ, ಮಾರುವುದು 14,250. ಮುರಿದ 750ಕ್ಕೂ ಹಿಟ್ಟು, ಕೂಲಿ, ಗ್ಯಾಸ್ ಹೋಗಿದೆ. ಬರುವುದು 99,750. ರೊಟ್ಟಿಯ ಖರ್ಚು 88,500, ಮೇಲಿನದು 9,000. ಉಳಿದದ್ದು 2,250. ಇನ್ನು ದಿನವಿಡೀ ನಿಂತು ದುಡಿಯುವ ನಿಮ್ಮ ಕೂಲಿ ಎಲ್ಲಿ? 400ರಂತೆ ಹಿಡಿದರೂ 10,000. ಅಂದರೆ ತಿಂಗಳಿಗೆ 7,750 ಕೈಯಿಂದ ಹಾಕಿ ಊರಿಗೆ ಉಣಿಸುತ್ತಿದ್ದೀರಿ.

ನಿಮ್ಮ ಕೂಲಿ ಸೇರಿಸಿದರೆ ಮಾರಿದ ರೊಟ್ಟಿಗೆ 7.54 ಬೀಳುತ್ತದೆ. ದರ 8 ಮಾಡಿ. ಗಿರಾಕಿ ಓಡಿಹೋಗುತ್ತಾರೆಂಬ ಅಂಜಿಕೆ ಎಲ್ಲರಿಗೂ ಇರುತ್ತದೆ, ಅದನ್ನೂ ಲೆಕ್ಕ ಹಾಕೋಣ. ವ್ಯಾಪಾರ ಹತ್ತರಲ್ಲಿ ನಾಲ್ಕು ಪಾಲು ಬಿದ್ದು 9,000 ರೊಟ್ಟಿಗೆ ಇಳಿಯಿತು ಅನ್ನಿ. ಅದೇ ಪ್ರಮಾಣದಲ್ಲಿ ಮುರಿದು 8,550 ಮಾರಿದರೆ 68,400 ಬರುತ್ತದೆ, ಖರ್ಚು 53,100, ಬಾಡಿಗೆಗೆ ಮುಂಚೆ ಉಳಿಯುವುದು 15,300. ಈಗ 15,000 ಮಾಡಿಸಿ ಉಳಿಯುತ್ತಿರುವುದು 11,250. ಕೂಲಿ ರೊಟ್ಟಿ ಲೆಕ್ಕದಲ್ಲಿ ಇರುವುದರಿಂದ ಇದು ಸಾಧ್ಯ. ದಿನಗೂಲಿ ಆಗಿದ್ದರೆ ಲೆಕ್ಕ ಬೇರೆ. ಹಿಂಗಾರಿ ಜೋಳ ಕೊಯ್ಲಾಗಿ ಮಾರುಕಟ್ಟೆಗೆ ಬರುವ ಫೆಬ್ರವರಿ-ಮಾರ್ಚ್‌ನಲ್ಲಿ ದರ ಏರಿಸಬೇಡಿ, ಖಾನಾವಳಿಯವರು "ಜೋಳ ಇಳದದಲ್ಲ" ಅಂತಾರೆ. ಮಳೆಗಾಲದ ಕೊನೆಗೆ ಏರಿಸಿ, 15 ದಿನ ಮೊದಲೇ ಹೇಳಿ.

ಇನ್ನು ಮುರಿಯುವುದು. ಹಳೆ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗಲೇ ಅಂಚು ಬಿರಿಯುತ್ತದೆ. ಬಿರಿದ ಅಂಚು ಒಣಗಿದ ಮೇಲೆ ಅಲ್ಲಿಂದಲೇ ಸಿಗಿಯುತ್ತದೆ. ಒಂದು ವಾರಕ್ಕೆ ಬೇಕಾದಷ್ಟೇ ಬೀಸಿಸಿ. ಜೋಳ ಮಾತ್ರ ಸುಗ್ಗಿಯಲ್ಲೇ ಎರಡು-ಮೂರು ತಿಂಗಳದ್ದು ತಗೊಂಡು, ಬಿಸಿಲಿಗೆ ಹಾಕಿ ಬೇವಿನ ಎಲೆ ಬೆರೆಸಿ ಇಡಬಹುದು. ಎರಡನೆಯದು, ಡಬ್ಬಿಯಲ್ಲಿ ಸಡಿಲ ಇದ್ದರೆ ಆಟೋ ಕುಲುಕಿದಾಗೆಲ್ಲ ರೊಟ್ಟಿ ಜಾರಿ ಅಂಚು ಬಡಿಸಿಕೊಳ್ಳುತ್ತದೆ. ಹತ್ತರ ಕಟ್ಟಿನ ಕೆಳಗೂ ಮೇಲೂ ರೊಟ್ಟಿ ಅಳತೆಯ ದುಂಡು ರಟ್ಟು ಇಟ್ಟು, ಖಾಲಿ ಜಾಗಕ್ಕೆ ಕಾಗದ ತುರುಕಿ. ಮುರಿಯುವುದು ನೂರಕ್ಕೆ ಎರಡೂವರೆಗೆ ಇಳಿದರೆ 8ರ ದರದಲ್ಲಿ ತಿಂಗಳಿಗೆ 3,000 ಹೆಚ್ಚು ಬರುತ್ತದೆ. ಮಳೆಗಾಲದಲ್ಲಿ ಬಿಸಿ ಆರುವ ಮುಂಚೆ ಕವರಿಗೆ ಹಾಕಲೇಬೇಡಿ. ಒಳಗಿನ ಹಬೆ ನೀರಾಗಿ ಬೂಸು ಹಿಡಿಯುತ್ತದೆ, ವಾಪಸ್ ಬಂದ ಒಂದು ಡಬ್ಬಿ ಹತ್ತು ಡಬ್ಬಿಯ ಲಾಭ ತಿನ್ನುತ್ತದೆ. ಚೂರುಗಳನ್ನು ಬೇರೆ ಚೀಲ ಕಟ್ಟಿ ಮಾರಿ, ಒಗ್ಗರಣೆ ಹಾಕಿ ತಿನ್ನುವವರು ಇದ್ದೇ ಇದ್ದಾರೆ.

ಪ್ರಶ್ನೆ: ಪೈಪು, ಮೋಟಾರು ಸಾಮಾನಿನ ಅಂಗಡಿ ಅದ. ತಿಂಗಳಿಗೆ 3 ಲಕ್ಷ ವ್ಯಾಪಾರ, ಅದರಾಗ 1.20 ಲಕ್ಷ ಉದ್ರಿ, ರೈತರು ತೊಗರಿ ಮಾರಿದ ಮ್ಯಾಲೆ ಕೊಡ್ತಾರ. ಲಾಭ ನೂರಕ್ಕ 12. ನನ್ನ ಬಂಡವಾಳ 5 ಲಕ್ಷ. ಉದ್ರಿ ಬಂದ್ ಮಾಡಿದ್ರ ಅಂಗಡಿ ನಡಿಯಂಗಿಲ್ಲ.
– ವ್ಯಾಪಾರಿ, ಜೇವರ್ಗಿ

ಉತ್ತರ: ಪೂರ್ತಿ ಬಂದ್ ಮಾಡಿ ಎಂದು ನಾವೂ ಹೇಳುವುದಿಲ್ಲ. ಆದರೆ ಜೂನ್‌ನಿಂದ ತೊಗರಿ ರೊಕ್ಕ ಬರುವವರೆಗಿನ ಏಳು ತಿಂಗಳಲ್ಲಿ ಉದ್ರಿ 8.40 ಲಕ್ಷ ನಿಲ್ಲುತ್ತದೆ. ಲಾಭ ತೆಗೆದರೂ ಸುಮಾರು 7.40 ಲಕ್ಷ ಮಾಲಿನ ರೊಕ್ಕ. ನಿಮ್ಮದು 5. ಮೇಲಿನ 2.40 ಲಕ್ಷ ಹೊರಗಿನ ಸಾಲವಾದರೆ ನೂರಕ್ಕೆ 2ರ ಬಡ್ಡಿಯಂತೆ ತಿಂಗಳಿಗೆ 4,800, ಅಂಗಡಿಯಲ್ಲಿ ಕೂತ ಮಾಲು ಬೇರೆ. ಎಂಟು ಜನರಲ್ಲಿ ಒಬ್ಬ ಮುಳುಗಿಸಿದರೆ ಏಳು ಜನರ ಲಾಭ ಅವನಿಗೇ ಸರಿ ಹೋಗುತ್ತದೆ. 2022ರ ಹಂಗಾಮಿನಲ್ಲಿ ನೆಟೆ ರೋಗಕ್ಕೆ ಜಿಲ್ಲೆಯ ತೊಗರಿ ಒಣಗಿ ನಿಂತದ್ದು ನೆನಪಿರಲಿ. ನಿಮ್ಮ ಇಡೀ ಖಾತೆ ಪುಸ್ತಕ ಒಂದೇ ಬೆಳೆಯ ಮೇಲೆ ನಿಂತಿದೆ.

ಮಾಲಿನ ಖರೀದಿ ಬೆಲೆಯ ಅರ್ಧವನ್ನಾದರೂ ರೋಖ ತಗೊಳ್ಳಿ. ಮನೆಗೊಂದು ಮಿತಿ ಹಾಕಿ, ಹಳೆ ಬಾಕಿ ಅರ್ಧಕ್ಕೆ ಇಳಿಯದೆ ಹೊಸ ಉದ್ರಿ ಬೇಡ. ಹತ್ತಿ, ಕಬ್ಬು ಇರುವವರಿಗೂ ಕೊಡಿ, ವಸೂಲಿ ಬೇರೆ ಬೇರೆ ತಿಂಗಳಿಗೆ ಹಂಚುತ್ತದೆ. ತೊಗರಿ ರೊಕ್ಕ ಬರುವ ವಾರವೇ ಊರಿಗೆ ಹೋಗಿ. ಮದುವೆ ಗೊತ್ತಾದ ಮೇಲೆ ಹೋದರೆ ಚಹಾ ಸಿಗುತ್ತದೆ, ರೊಕ್ಕ ಸಿಗುವುದಿಲ್ಲ. ಪ್ರತಿ ಉದ್ರಿಗೂ ಪುಸ್ತಕದಲ್ಲಿ ತಾರೀಖು ಹಾಕಿ ಸಹಿ ಮಾಡಿಸಿ. ಅವಧಿ ಗೊತ್ತು ಮಾಡದ ಉದ್ರಿಗೆ ದಾವೆ ಹೂಡಲು ಮಾಲು ಕೊಟ್ಟ ದಿನದಿಂದ 3 ವರ್ಷ ಮಾತ್ರ ಕಾಲಾವಕಾಶ. ಅಷ್ಟರೊಳಗೆ ಬಾಕಿ ಒಪ್ಪಿ ಬರೆದು ಸಹಿ ಹಾಕಿದರೆ ಆ ದಿನದಿಂದ ಹೊಸದಾಗಿ 3 ವರ್ಷ.

ಪ್ರಶ್ನೆ: ಸ್ಕ್ಯಾನರ್ ಇಟ್ಟರೆ ಜಿಎಸ್‌ಟಿ ನೋಟಿಸ್ ಬರುತ್ತದೆಯೇ? ತೆಗೆದುಬಿಡಲೇ?
– ಕಿರಾಣಿ ಅಂಗಡಿ, ಹುಮನಾಬಾದ

ಉತ್ತರ: ತೆಗೆಯಬೇಡಿ. 2025ರ ಜುಲೈನಲ್ಲಿ ರಾಜ್ಯದಲ್ಲಿ ಯುಪಿಐ ಜಮಾ ನೋಡಿ ನೋಟಿಸ್ ಹೋದದ್ದು ನಿಜ, ಆದರೆ ತೆರಿಗೆ ವ್ಯಾಪಾರದ ಮೇಲೆಯೇ ಹೊರತು ಸ್ಕ್ಯಾನರ್ ಮೇಲೆ ಅಲ್ಲ. ನೋಂದಣಿ ಬೇಕಾಗುವುದು ವರ್ಷದ ಮಾರಾಟ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದಾಗ. ಎರಡೂ ಇದ್ದರೆ 20. ಈ ಮಿತಿಗೆ ತೆರಿಗೆ ಇಲ್ಲದ ಮಾಲೂ ಸೇರುತ್ತದೆ, ನಗದೂ ಸೇರುತ್ತದೆ. ತೆರಿಗೆ ಇಲ್ಲದ ಮಾಲನ್ನಷ್ಟೇ ಮಾರುವವರಿಗೆ ಮಾತ್ರ ಮಿತಿ ದಾಟಿದರೂ ನೋಂದಣಿ ಬೇಡ. (ಮೇಲಿನ ರೊಟ್ಟಿಯವರೂ ಗಮನಿಸಿ: 2025ರ ಸೆಪ್ಟೆಂಬರ್ 22ರಿಂದ ರೊಟ್ಟಿಗೆ ತೆರಿಗೆ ಶೂನ್ಯ.) ತಮ್ಮ ಕಳಿಸಿದ ರೊಕ್ಕ, ಕೈಗಡ, ಚೀಟಿ ಎಲ್ಲ ಅಂಗಡಿ ಖಾತೆಗೆ ಬಂದರೆ ಅದೂ ವ್ಯಾಪಾರದಂತೆಯೇ ಕಾಣುತ್ತದೆ. ಆದ್ದರಿಂದ ಅಂಗಡಿಗೇ ಒಂದು ಖಾತೆ ತೆರೆದು, ರಾತ್ರಿ ಬಾಗಿಲು ಹಾಕುವ ಮುಂಚೆ ನಗದು ಎಷ್ಟು, ಸ್ಕ್ಯಾನ್ ಎಷ್ಟು ಎಂದು ಎರಡೇ ಅಂಕಿ ಬರೆದಿಡಿ. ಏಪ್ರಿಲ್‌ನಿಂದ ಕೂಡಿಸುತ್ತ ಬನ್ನಿ, 35 ಲಕ್ಷ ಮುಟ್ಟಿದ ದಿನ ಲೆಕ್ಕಪತ್ರದವರ ಹತ್ತಿರ ಹೋಗಿ.