ಯಾವುದನ್ನು ಕ್ಯಾಶ್ ಮಾಡಿದಿರಿ ಎಂಬುದನ್ನು ಬರೆಯಿರಿ

ಮಾನ್ಯರೇ,

ವಿರಾಜಪೇಟೆ ಸುತ್ತಿನ ಕಾಫಿ ತೋಟಗಳ ಮಳೆ ಲೆಕ್ಕವನ್ನು ತೋಟಕ್ಕೊಂದು, ದಿನಕ್ಕೊಂದರಂತೆ ಪುಟ್ಟ ಎಕ್ಸ್‌ಎಂಎಲ್ (ಮಾಹಿತಿಯನ್ನು ಹೆಸರಿನ ಗುರುತುಗಳ ನಡುವೆ ಬರೆದಿಡುವ ಪಠ್ಯರೂಪ) ಫೈಲುಗಳಲ್ಲಿಟ್ಟು, ಅವನ್ನೆಲ್ಲ ಒಂದೇ ವಾರ್ಷಿಕ ವರದಿಯಾಗಿ ಜೋಡಿಸುವ ಕೆಲಸ ಕ್ಯಾಶ್‌ನಿಂದ (ಮತ್ತೆ ಬೇಕಾಗುವುದನ್ನು ಕೈಗೆಟುಕುವಲ್ಲಿ ಉಳಿಸಿಡುವ ವ್ಯವಸ್ಥೆಯಿಂದ) ಚುರುಕಾದ ಬಗೆಯನ್ನು ಕುರಿತ ತಮ್ಮ ಲೇಖನ ತಲುಪಿದೆ. ವಸ್ತು ಒಳ್ಳೆಯದು, ಆದರೆ ಈಗಿನ ರೂಪದಲ್ಲಿ ಪ್ರಕಟಿಸಲಾಗದು.

ಆರಂಭದ ಪುಟಗಳೆಲ್ಲ 1998ರಲ್ಲಿ ಎಕ್ಸ್‌ಎಂಎಲ್ ಮಾನಕವಾದ ಕಥೆಗೇ ಹೋಗಿವೆ. ಅವನ್ನು ತೆಗೆದುಹಾಕಿ. ಮುಖ್ಯ ಸಂಗತಿಯೋ, ‘ಕ್ಯಾಶ್ ಅಳವಡಿಸಿದ ಮೇಲೆ ವೇಗ ಗಣನೀಯವಾಗಿ ಹೆಚ್ಚಿತು’ ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗಿದೆ. ಈಚೆಗೆ ಓದಿದ ಫೈಲುಗಳನ್ನು ಆಪರೇಟಿಂಗ್ ಸಿಸ್ಟಮ್ ತಾನಾಗಿಯೇ ಮೆಮೊರಿಯಲ್ಲಿ ಇಟ್ಟುಕೊಳ್ಳುವುದರಿಂದ, ಬರೀ ಪಠ್ಯವನ್ನು ಕ್ಯಾಶ್ ಮಾಡಿದರೆ ಲಾಭ ಅಲ್ಪ. ಪಾರ್ಸ್ ಮಾಡಿದ, ಅಂದರೆ ಪಠ್ಯವನ್ನು ಓದಿ ಬಿಡಿಸಿ ಮೆಮೊರಿಯಲ್ಲಿ ಮರದಂತೆ ಜೋಡಿಸಿದ, ಡಾಮ್ ಟ್ರೀಯನ್ನು ಉಳಿಸಿಕೊಂಡರೆ ಅದು ಮೂಲ ಫೈಲಿನ ಹಲವು ಪಟ್ಟು ಮೆಮೊರಿ ನುಂಗುತ್ತದೆ. ಕಳೆದ ತಿಂಗಳ ಮಳೆ ಸಾಮಾನ್ಯವಾಗಿ ಬದಲಾಗದ ಕಾರಣ, ಜೋಡಿಸಿ ಮುಗಿದ ತಿಂಗಳ ಫೈಲನ್ನೇ ಉಳಿಸಿಕೊಳ್ಳುವುದು ತಮ್ಮ ಕೆಲಸಕ್ಕೆ ಒಪ್ಪುವ ದಾರಿಯೆಂದು ನನ್ನ ಅಭಿಪ್ರಾಯ. ತಾವು ಮಾಡಿದ್ದು ಯಾವುದು?

ತಾವು ಕೊಟ್ಟ ಮಾದರಿ ಫೈಲಿನ ಎರಡನೆಯ ಸಾಲನ್ನು ಗಮನಿಸಿ. ಅಲ್ಲಿನ ಡಾಕ್‌ಟೈಪ್ ಹೊರಗಿನ ಜಾಲತಾಣವೊಂದರ ಡಿಟಿಡಿಯನ್ನು (ಫೈಲಿನ ರಚನೆಯ ನಿಯಮಗಳ ಪಟ್ಟಿಯನ್ನು) ಸೂಚಿಸುತ್ತದೆ. ಹಲವು ಪಾರ್ಸರುಗಳು ಪ್ರತಿ ಫೈಲಿಗೂ ಅದನ್ನು ಹೊಸದಾಗಿ ತರಿಸಿಕೊಳ್ಳುತ್ತವೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ನೆಟ್‌ವರ್ಕ್ ಹೋದ ದಿನ ಇಡೀ ಜೋಡಣೆಯೇ ನಿಂತುಬಿಡಬಹುದು. ಹೀಗೆ ತನ್ನ ತಾಣಕ್ಕೆ ಬರುವ ಕೋರಿಕೆಗಳು ದಿನಕ್ಕೆ 13 ಕೋಟಿಯವರೆಗೂ ಏರುತ್ತಿವೆಯೆಂದು ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯೇ 2008ರಲ್ಲಿ ದೂರಿತ್ತು. ಎಕ್ಸ್‌ಎಂಎಲ್ ಕ್ಯಾಟಲಾಗ್ (ಹೊರಗಿನ ವಿಳಾಸಕ್ಕೆ ಬದಲಾಗಿ ಯಾವ ಫೈಲನ್ನು ಬಳಸಬೇಕೆಂದು ಹೇಳುವ ಪಟ್ಟಿ) ಮೂಲಕ ಡಿಟಿಡಿಯ ಸ್ಥಳೀಯ ಪ್ರತಿಯನ್ನು ತೋರಿಸಿದರೆ ಈ ತೊಡಕು ನೀಗುತ್ತದೆ. ಲೇಖನದಲ್ಲಿ ಇದರ ಸುಳಿವೇ ಇಲ್ಲ.

ಕ್ಯಾಶ್ ಹಳಸುವ ಬಗೆಯನ್ನೂ ತಾವು ಮುಟ್ಟಿಲ್ಲ. 2 ಇಂಚು 40 ಸೆಂಟು (ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಭಾಗ) ಎಂದಿರಬೇಕಾದದ್ದು 4 ಇಂಚು 20 ಸೆಂಟು ಆಗಿತ್ತೆಂದು ತೋಟದ ರೈಟರು (ಗುಮಾಸ್ತರು) ತಡವಾಗಿ ತಿದ್ದಿದರೆ, ತಿಂಗಳ ಫೈಲಿಗೆ ಅದು ಗೊತ್ತಾಗುವುದು ಹೇಗೆ? ಪೆನ್‌ಡ್ರೈವಿನಲ್ಲಿ ಓಡಾಡುವ ಫೈಲುಗಳ ತಾರೀಖನ್ನು ನಂಬುವಂತಿಲ್ಲವಾದ್ದರಿಂದ, ಪ್ರತಿ ಫೈಲಿನ ಹ್ಯಾಶ್ (ಒಳಗಿನ ಪಠ್ಯದಿಂದ ಲೆಕ್ಕಹಾಕಿದ ಪುಟ್ಟ ಗುರುತು) ಹೋಲಿಸುವುದು ಲೇಸು. ಹ್ಯಾಶ್‌ಗಾಗಿ ಫೈಲನ್ನು ಓದಲೇಬೇಕು, ನಿಜ; ಆದರೂ ಪಾರ್ಸ್ ಮಾಡುವ ಖರ್ಚು ಉಳಿಯುತ್ತದೆ. ಅಳಿಸಿಹೋದ ಫೈಲುಗಳನ್ನು ಹಿಡಿಯಲು ಹೆಸರುಗಳ ಪಟ್ಟಿಯನ್ನೂ ಹೋಲಿಸಬೇಕು.

ಪರಿಷ್ಕರಿಸುವಾಗ, ಕ್ಯಾಶ್ ಖಾಲಿಯಿದ್ದಾಗಿನ ಮತ್ತು ತುಂಬಿದ್ದಾಗಿನ ಸಮಯವನ್ನು ಪ್ರತ್ಯೇಕವಾಗಿ ಅಳೆದು, ಫೈಲುಗಳ ಸಂಖ್ಯೆಯೊಂದಿಗೆ ಕೊಡಿ. ಅಂಕಿಗಳಿದ್ದರೆ ‘ಗಣನೀಯ’ ಎಂಬ ವಿಶೇಷಣದ ಅಗತ್ಯ ಬೀಳದು.

ಇಂತಿ,
ಸಂಪಾದಕ, ಮಡಿಕೇರಿ