ನೂರು ಗಂಟೆಯ ಆಟಕ್ಕೆ ಪಶ್ಚಿಮ ಒಲಿದದ್ದು ಹೇಗೆ?

ಪ್ರಶ್ನೆ: ಮುಗಿಸಲು ನೂರು ಗಂಟೆ ಬೇಡುವ ಜಪಾನಿನ ರೋಲ್ ಪ್ಲೇಯಿಂಗ್ ಗೇಮ್‌ಗಳನ್ನು (ಆಟಗಾರ ಪಾತ್ರವೊಂದಾಗಿ ಕಥೆಯೊಳಗೆ ಸಾಗುವ ವಿಡಿಯೊ ಗೇಮ್‌ಗಳನ್ನು) ಅಮೆರಿಕ, ಯುರೋಪಿನ ಸಾಮಾನ್ಯ ಆಟಗಾರರೂ ಮೆಚ್ಚುತ್ತಿರುವುದೇಕೆ?

ಉತ್ತರ: ಈ ಮೆಚ್ಚುಗೆ ಮೊದಲಿನಿಂದಲೂ ಇದ್ದದ್ದಲ್ಲ. ಜಪಾನಿನಲ್ಲಿ 1986ರಲ್ಲಿ ಬಂದು ಮನೆಮಾತಾದ 'ಡ್ರ್ಯಾಗನ್ ಕ್ವೆಸ್ಟ್', 1989ರಲ್ಲಿ 'ಡ್ರ್ಯಾಗನ್ ವಾರಿಯರ್' ಎಂಬ ಹೆಸರಿನಲ್ಲಿ ಅಮೆರಿಕ ತಲುಪಿದಾಗ ನಿರೀಕ್ಷೆಯಷ್ಟು ಮಾರಾಟವಾಗದೆ, ಗೇಮ್ ಕಂಪನಿ ನಿಂಟೆಂಡೊ ತನ್ನ ಪತ್ರಿಕೆಯ ಚಂದಾದಾರರಿಗೆ ಅದನ್ನು ಉಚಿತವಾಗಿ ಹಂಚಿತು. ಚಿತ್ರ ಬದಲಾದದ್ದು 1997ರಲ್ಲಿ. ಮೂರು ಡಿಸ್ಕ್‌ಗಳನ್ನು ತುಂಬಿದ್ದ 'ಫೈನಲ್ ಫ್ಯಾಂಟಸಿ 7' ಆಟವನ್ನು ಟಿವಿ ಜಾಹೀರಾತುಗಳು ಸಿನಿಮಾದಂತೆ ತೋರಿಸಿದವು. ಈ ಬಗೆಯ ಆಟವನ್ನು ಎಂದೂ ಮುಟ್ಟದವರೂ ಕೊಂಡರು.

ಆದರೆ ಜಾಹೀರಾತು ಆಟವನ್ನು ಕೊಳ್ಳಿಸಬಹುದೇ ಹೊರತು ನೂರು ಗಂಟೆ ಕೂರಿಸಲಾರದು. ಕೂರಿಸುವುದು ಪಾತ್ರಗಳ ಒಡನಾಟ ಎಂಬುದು ನನ್ನ ದೃಢ ನಂಬಿಕೆ. 2017ರಲ್ಲಿ ಪಶ್ಚಿಮಕ್ಕೆ ಬಂದ 'ಪರ್ಸೋನಾ 5' ಅನ್ನೇ ನೋಡಿ: ಅದು ಕ್ಯಾಲೆಂಡರಿನ ಒಂದೊಂದೇ ದಿನವಾಗಿ ಸಾಗುತ್ತದೆ, ತರಗತಿ, ಗೆಳೆಯರ ಭೇಟಿ, ಸಂಜೆಯ ಕೆಲಸ ಎಲ್ಲವೂ ಮುಂದಿನ ಹೋರಾಟದ ಬಲವಾಗುವುದರಿಂದ, ಆಟಗಾರನಿಗೆ ದೀರ್ಘತೆಯು ಹೊರೆಯೆನಿಸದೆ ಧಾರಾವಾಹಿಯ ದಿನದಿನದ ಕಂತಿನಂತೆ ಅನುಭವಕ್ಕೆ ಬರುತ್ತದೆ. ಅಲ್ಲದೆ ಪಾತ್ರಗಳು ಸರದಿಯಂತೆ ಹೋರಾಡುವ ಆಟಗಳಲ್ಲಿ ಬೆರಳಿನ ವೇಗಕ್ಕಿಂತ ಯೋಚನೆಗೆ ಬೆಲೆ ಹೆಚ್ಚು, ಹೀಗಾಗಿ ಹೊಸಬರಿಗೂ ಅಂಜಿಕೆಯಿಲ್ಲ.

ಅನುವಾದಕರ ಪಾಲನ್ನೂ ಮರೆಯಬಾರದು. ಮೊದಲೆಲ್ಲ ಇಂಗ್ಲಿಷ್ ಆವೃತ್ತಿಗಾಗಿ ವರ್ಷಗಟ್ಟಲೆ ಕಾಯಬೇಕಿತ್ತು, ಕೆಲವು ಆಟಗಳು ಬರುತ್ತಲೇ ಇರಲಿಲ್ಲ. ಈಗ ಆ ಕಾಯುವಿಕೆ ಕಡಿಮೆಯಾಗಿದೆ: 2024ರ 'ಪರ್ಸೋನಾ 3 ರೀಲೋಡ್' ಜಗತ್ತಿನಾದ್ಯಂತ ಒಂದೇ ದಿನ ಬಿಡುಗಡೆಯಾಯಿತು.