ಪಿಯುಸಿ ಮುಗಿಸಿ ನೇರವಾಗಿ ಜರ್ಮನಿಯ ಯೂನಿವರ್ಸಿಟಿಗೆ ಸೇರಬಹುದಾ?

ತೀರ್ಥಹಳ್ಳಿ ಕಡೆಯವರು ಅಂತ ಬರೆದಿದ್ದೀರಿ. ಮಗಳು ಸೆಕೆಂಡ್ ಪಿಯು ಸೈನ್ಸ್. ಜರ್ಮನಿಯಲ್ಲಿ ಕಾಲೇಜು ಫ್ರೀ ಅಂತ ಒಬ್ಬರು ಹೇಳಿದರು, ನಮ್ಮ ಪಿಯುಸಿ ಅಲ್ಲಿ ನಡೆಯುವುದೇ ಇಲ್ಲ ಅಂತ ಇನ್ನೊಬ್ಬರು ಹೇಳಿದರು. 12 ವರ್ಷ ಓದಿದ್ದು ಲೆಕ್ಕಕ್ಕೇ ಇಲ್ವಾ ಅಂತ ಕೇಳಿದ್ದೀರಿ.

ಲೆಕ್ಕಕ್ಕಿದೆ. ಆದರೆ ಪಿಯುಸಿ ಒಂದರಿಂದಲೇ ನೇರವಾಗಿ ಸೀಟು ಸಿಗುವುದಿಲ್ಲ. ನಾನು ಶಿವಮೊಗ್ಗದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಸಾಗರದಲ್ಲಿರುವ ನನ್ನ ಅಕ್ಕನ ಮಗಳು ಇದೇ ದಾರಿಯಲ್ಲಿ ಹೋದವಳು. ಅವಳ ಕಾಗದಪತ್ರವನ್ನೆಲ್ಲ ನಾನೇ ಕೂತು ಓದಿದ್ದರಿಂದ ಸ್ವಲ್ಪ ಗೊತ್ತಾಗಿದೆ.

ಮೊದಲು ಅಲ್ಲಿಯ ಶಾಲೆ ಹೇಗೆ ಅಂತ ನೋಡಬೇಕು. ನಮ್ಮಲ್ಲಿ ಎಸ್ಸೆಸ್ಸೆಲ್ಸಿವರೆಗೆ ಎಲ್ಲರೂ ಒಂದೇ ದಾರಿ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸು ಮುಗಿಯುತ್ತಲೇ ಮಕ್ಕಳು ಬೇರೆ ಬೇರೆ ಶಾಲೆಗೆ ಹೋಗುತ್ತಾರೆ. ಬರ್ಲಿನ್, ಬ್ರಾಂಡೆನ್‌ಬುರ್ಗ್‌ನಲ್ಲಿ ಆರನೇ ಕ್ಲಾಸಿನ ಮೇಲೆ. ಯೂನಿವರ್ಸಿಟಿ ಕಡೆಗೆ ಹೋಗುವ ಶಾಲೆಗೆ ಗಿಮ್ನಾಜಿಯುಮ್ ಅನ್ನುತ್ತಾರೆ. ಅಲ್ಲಿ 12 ಅಥವಾ 13ನೇ ಕ್ಲಾಸಿನ ಕೊನೆಗೆ ಅಬಿಟೂರ್ ಅನ್ನುವ ಪರೀಕ್ಷೆ. ಒಟ್ಟು 900 ಅಂಕ. ಅದರಲ್ಲಿ 600 ಕೊನೆಯ ಎರಡು ವರ್ಷ ಕ್ಲಾಸಿನಲ್ಲಿ ಮಾಡಿದ ಕೆಲಸಕ್ಕೆ, 300 ಮಾತ್ರ ಕೊನೆಯ ಪರೀಕ್ಷೆಗೆ. ಫಿಸಿಕ್ಸ್, ಗಣಿತ ಇಷ್ಟಪಡುವ ಹುಡುಗಿಯೂ ಭಾಷೆ, ಇತಿಹಾಸವನ್ನು ಜೊತೆಗೇ ಎಳೆದುಕೊಂಡು ಹೋಗಬೇಕು. ನಮ್ಮ ಸೈನ್ಸ್ ಮಕ್ಕಳಿಗೆ ಇತಿಹಾಸ ಎಸ್ಸೆಸ್ಸೆಲ್ಸಿಗೇ ಮುಗಿದುಹೋಗುತ್ತದೆ, ಅಲ್ವಾ?

ಹಾಗಾಗಿ ಅವರು ಪಿಯುಸಿಯನ್ನು ಅಬಿಟೂರ್‌ಗೆ ಸಮ ಅಂತ ಒಪ್ಪುವುದಿಲ್ಲ. ನಡುವಿನ ಅಂತರ ತುಂಬಲು ಮೂರು ದಾರಿ ಇದೆ. ಜೆಇಇ ಅಡ್ವಾನ್ಸ್‌ಡ್ ಪಾಸಾದರೆ ಇಂಜಿನಿಯರಿಂಗ್‌ನಂಥ ತಾಂತ್ರಿಕ ವಿಷಯಗಳಿಗೆ ನೇರವಾಗಿ ಅರ್ಜಿ ಹಾಕಬಹುದು. ಇಲ್ಲೇ ಡಿಗ್ರಿಯ ಒಂದು ವರ್ಷ ಪೂರ್ತಿ ಪಾಸ್ ಮಾಡಿದರೆ ಅದೇ ವಿಷಯಕ್ಕೆ ಅಲ್ಲಿ ಹಾಕಬಹುದು. ಇಲ್ಲದಿದ್ದರೆ ಸ್ಟೂಡಿಯನ್‌ಕೊಲೆಗ್. ಅದು ಸಾಮಾನ್ಯವಾಗಿ ಎರಡು ಸೆಮಿಸ್ಟರಿನ ತಯಾರಿ ಕೋರ್ಸು. ಸೇರಲು ಪ್ರವೇಶ ಪರೀಕ್ಷೆ, ಮುಗಿಸಲು ಇನ್ನೊಂದು ಪರೀಕ್ಷೆ, ಪಾಠ ಎಲ್ಲ ಜರ್ಮನ್‌ನಲ್ಲೇ. ಇಂಜಿನಿಯರಿಂಗ್ ಕಡೆಯವರಿಗೆ ಟಿ ಕೋರ್ಸ್, ಮೆಡಿಕಲ್ ಮತ್ತು ಬಯಾಲಜಿಯವರಿಗೆ ಎಂ ಕೋರ್ಸ್ ಅಂತ ಬೇರೆ ಬೇರೆ ಇದೆ.

ನಮ್ಮ ಹುಡುಗಿ ಹೋಗಿದ್ದು ಈ ಮೂರನೇ ದಾರಿಯಲ್ಲಿ. ಪಿಯುಸಿ ಗಣಿತದಲ್ಲಿ ಅವಳಿಗೆ 97 ಬಂದಿತ್ತು. ನವೆಂಬರಿನ ಒಂದು ರಾತ್ರಿ, ಅಕ್ಕನ ಮನೆಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದೆವು. ಅವಳ ಫೋನ್ ಬಂತು, ಅಕ್ಕ ಸ್ಪೀಕರ್ ಹಾಕಿ ಮೆಟ್ಟುಗತ್ತಿಯ ಪಕ್ಕ ಇಟ್ಟಳು. 'ಮಾಮ, ಟೆಸ್ಟಲ್ಲಿ ಉತ್ತರ ಎಲ್ಲ ಸರಿ ಇದೆ, ಆದ್ರೂ ಅರ್ಧಕ್ಕರ್ಧ ಅಂಕ ಕಡಿದಿದ್ದಾರೆ' ಅಂತ ಅತ್ತಳು. ಲೆಕ್ಕ ಬಿಡಿಸಿದ್ದಳು, ಯಾಕೆ ಹಾಗೆ ಬಿಡಿಸಿದೆ ಅಂತ ಒಂದು ಸಾಲೂ ಬರೆದಿರಲಿಲ್ಲ. ಸುಲಿಯುವ ಕೈಗಳೆಲ್ಲ ನಿಂತವು. ನನಗೆ ಏನೂ ಹೇಳಲು ಆಗಲಿಲ್ಲ. ಹಾಗೆ ಬರೆಯುವುದನ್ನು ಅವಳಿಗೆ ಕಲಿಸಿದವರು ನಾವೇ. ಅಂದಿನಿಂದ ನನ್ನ ಕ್ಲಾಸಿನಲ್ಲಿ ಪ್ರತಿ ಲೆಕ್ಕಕ್ಕೂ 'ಯಾಕೆ' ಅಂತ ಕೇಳುತ್ತೇನೆ. ಪೋರ್ಷನ್ ಮುಗಿಸಲು ಕಷ್ಟ ಆಗುತ್ತದೆ, ಆದರೂ ಕೇಳುತ್ತೇನೆ.

ಇನ್ನು ಫ್ರೀ ಅನ್ನುವ ಮಾತು. ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕ ಇಲ್ಲ ಅನ್ನುವುದು ನಿಜ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ ನಮ್ಮಂಥ ಹೊರದೇಶದವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿಯೂ 2024ರಿಂದ ಶುರು ಮಾಡಿದೆ. ಅದಕ್ಕಿಂತ ದೊಡ್ಡದು ಊಟ, ಬಾಡಿಗೆಯ ಖರ್ಚು. ವೀಸಾಕ್ಕೆ ಮೊದಲೇ ಒಂದು ವರ್ಷದ ಖರ್ಚು 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕು. ತಿಂಗಳಿಗೆ 992 ಯೂರೋ ಮಾತ್ರ ತೆಗೆಯಲು ಬಿಡುತ್ತಾರೆ. ನಮ್ಮ ದುಡ್ಡಿನಲ್ಲಿ 10 ಲಕ್ಷ ದಾಟುತ್ತದೆ. ಎಪಿಎಸ್ ಅನ್ನುವ ದಾಖಲೆ ಪರಿಶೀಲನೆಯ ಸರ್ಟಿಫಿಕೇಟೂ 2022ರ ನವೆಂಬರಿನಿಂದ ಕಡ್ಡಾಯ, ಅದಕ್ಕೆ 18,000 ರೂಪಾಯಿ. ಮಾರ್ಕ್ಸ್ ಕಾರ್ಡನ್ನು ಮಳೆಗಾಲದ ಬೂಷ್ಟಿಗೆ ಹೆದರಿ ಲ್ಯಾಮಿನೇಷನ್ ಮಾಡಿಸಬೇಡಿ. ಆಮೇಲೆ ಅದರ ಮೇಲೆ ಸೀಲು ಬೀಳುವುದಿಲ್ಲ. ಪ್ಲಾಸ್ಟಿಕ್ ಕವರ್ ಸಾಕು.

ಒಬ್ಬ ಏಜೆಂಟ್ ನಮ್ಮನ್ನು ಖಾಸಗಿ ಸ್ಟೂಡಿಯನ್‌ಕೊಲೆಗ್‌ಗೆ ಸೇರಿಸಲು ಬಹಳ ಒತ್ತಾಯ ಮಾಡಿದ್ದ. ಫೀಸು ಲಕ್ಷಗಟ್ಟಲೆ. ಕೆಲವು ಖಾಸಗಿ ಕಡೆ ಬರೆದ ಪರೀಕ್ಷೆ ಎಲ್ಲ ಯೂನಿವರ್ಸಿಟಿಯಲ್ಲೂ ನಡೆಯುವುದಿಲ್ಲ ಅನ್ನುವುದನ್ನು ಅವನು ಬಾಯೇ ಬಿಡಲಿಲ್ಲ. ಸೇರುವ ಯೂನಿವರ್ಸಿಟಿಗೇ ಈಮೇಲ್ ಹಾಕಿ ಕೇಳಿ. ಉತ್ತರ ಬರುತ್ತದೆ.

ಬೇರೆ ದೇಶಗಳನ್ನೂ ಕೇಳಿದ್ದೀರಿ. ಇಂಗ್ಲೆಂಡಿನಲ್ಲಿ ಕೊನೆಯ ಎರಡು ವರ್ಷ ಎ ಲೆವೆಲ್, ಹೆಚ್ಚಿನವರು ಮೂರೇ ವಿಷಯ ಓದುತ್ತಾರೆ. ಆಮೇಲೆ ಡಿಗ್ರಿ ಮೂರು ವರ್ಷ. ಸ್ಕಾಟ್ಲೆಂಡಿನಲ್ಲಿ ನಾಲ್ಕು. ಅಮೆರಿಕದಲ್ಲಿ ಡಿಗ್ರಿ ನಾಲ್ಕು ವರ್ಷ, ಮುಖ್ಯ ವಿಷಯ ಯಾವುದು ಅಂತ ಎರಡನೇ ವರ್ಷದ ಕೊನೆಯವರೆಗೂ ಯೋಚಿಸಲು ಬಹಳ ಕಡೆ ಬಿಡುತ್ತಾರೆ. ಕಡಿಮೆ ಖರ್ಚಿನ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಯೂನಿವರ್ಸಿಟಿಗೆ ಹೋಗಲೂಬಹುದು. ಹತ್ತು ವರ್ಷದ ಮಗುವಿನ ದಾರಿ ತೀರ್ಮಾನ ಮಾಡುವ ಜರ್ಮನಿ ಒಂದು ಕಡೆ, ಇಪ್ಪತ್ತರವರೆಗೂ ಕಾಯುವ ಅಮೆರಿಕ ಒಂದು ಕಡೆ. ನಾವು ರಿಸಲ್ಟ್ ಬಂದ ಒಂದೇ ವಾರದಲ್ಲಿ ಪಿಸಿಎಂಬಿಯೋ ಕಾಮರ್ಸೋ ಅಂತ ಹದಿನಾರರ ಹುಡುಗರ ಕೈಯಲ್ಲಿ ಬರೆಸುತ್ತೇವೆ. ಹತ್ತು ವರ್ಷ ತೀರಾ ಚಿಕ್ಕದು ಅಂತ ನನ್ನ ಅಭಿಪ್ರಾಯ.

ಆದರೆ ಜರ್ಮನಿಯ ಒಂದು ವಿಷಯ ನನಗೆ ತುಂಬಾ ಹಿಡಿಸಿದೆ. ಗಿಮ್ನಾಜಿಯುಮ್‌ಗೆ ಹೋಗದ ಹುಡುಗರು ಕಳಪೆ ಅಂತ ಅಲ್ಲ. ಔಸ್‌ಬಿಲ್ಡುಂಗ್ ಅಂತ ಎರಡರಿಂದ ಮೂರೂವರೆ ವರ್ಷದ ತರಬೇತಿ ಇದೆ. ವಾರದ ಕೆಲವು ದಿನ ಕಂಪನಿಯಲ್ಲಿ ಕೆಲಸ, ಕೆಲವು ದಿನ ಶಾಲೆ, ಜೊತೆಗೆ ಸಂಬಳ. ನಮ್ಮಲ್ಲಿ ಐಟಿಐ ಮುಗಿಸಿ ಡಿಪ್ಲೊಮಾ ಎರಡನೇ ವರ್ಷಕ್ಕೆ, ಅಲ್ಲಿಂದ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗುವ ದಾರಿ ಇದೆ. ಎಷ್ಟು ಮನೆಯಲ್ಲಿ ಅದನ್ನು ಖುಷಿಯಿಂದ ಹೇಳುತ್ತಾರೆ? ಐಟಿಐ ಅಂದ ಕೂಡಲೇ ಮುಖ ಸಪ್ಪೆ ಮಾಡುತ್ತಾರೆ. ಇದು ನನಗೆ ನಿಜವಾಗಿ ಬೇಸರದ ವಿಷಯ.

ನಿಮ್ಮ ಮಗಳಿಗೆ ನಾನು ಹೇಳುವುದು ಎರಡನೇ ದಾರಿ. ಸಿಇಟಿ ಬರೆಯಲಿ, ಶಿವಮೊಗ್ಗದಲ್ಲೇ ಬಿಇ ಅಥವಾ ಬಿಎಸ್ಸಿ ಮೊದಲ ವರ್ಷ ಸೇರಲಿ, ಜೊತೆಗೆ ಜರ್ಮನ್ ಕಲಿಯಲಿ. ಬ್ಯಾಚುಲರ್ ಡಿಗ್ರಿ ಅಲ್ಲಿ ಬಹುಪಾಲು ಜರ್ಮನ್‌ನಲ್ಲೇ ಇರುತ್ತದೆ, ಭಾಷೆ ಇಲ್ಲದೆ ಆಗುವುದಿಲ್ಲ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಆನ್‌ಲೈನ್ ಕ್ಲಾಸೂ ಇದೆ. ವರ್ಷದ ಕೊನೆಗೆ ಮನಸ್ಸು ಬದಲಾದರೆ ಡಿಗ್ರಿ ಇಲ್ಲೇ ಮುಂದುವರಿಸಬಹುದು, ಏನೂ ಹಾಳಾಗುವುದಿಲ್ಲ. ಆಮೇಲೆ ಮಾಸ್ಟರ್ಸ್‌ಗೆ ಹೋಗಬಹುದು. ಅದು ಇಂಗ್ಲಿಷ್‌ನಲ್ಲಿ ಬೇಕಾದಷ್ಟಿದೆ. ಅಲ್ಲಿಯ ಬ್ಯಾಚುಲರ್ ಡಿಗ್ರಿಯೂ ನಮ್ಮ ಬಿಎಸ್ಸಿಯಂತೆ ಹೆಚ್ಚಾಗಿ ಮೂರು ವರ್ಷದ್ದೇ.

ಅವಳ ಕಾಂಬಿನೇಷನ್ ಯಾವುದು, ಮುಂದೆ ಏನು ಓದುವ ಆಸೆ ಅಂತ ಕೇಳಿ ಬರೆಯಿರಿ. ಅವಳೇ ಬರೆದರೆ ಇನ್ನೂ ಒಳ್ಳೆಯದು.